ಗೋರಟಾಕ್ಕೆ ಹೋಗುವ ಮುನ್ನ

ಕಳೆದ ಡಿಸೆಂಬರಿನಲ್ಲಿ ಮ್ಯೂನಿಕ್ ನಗರದಿಂದ ರಜೆಗೆ ಬಂದಿದ್ದ ಅಕ್ಕನ ಮಗನನ್ನು ಕರೆದುಕೊಂಡು ಬೀದರ್ ಜಿಲ್ಲೆಯ ಗೋರಟಾ ಗ್ರಾಮಕ್ಕೆ ಹೋಗಿದ್ದೆ. ಹೈದರಾಬಾದಿನಿಂದ ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ್ ಮಾರ್ಗವಾಗಿ ಬಸವಕಲ್ಯಾಣದ ಕಡೆಗೆ ಸಾಗಿದರೆ ಕಾರಿನಲ್ಲಿ ಅರ್ಧ ದಿನದ ದಾರಿ. ಊರನ್ನು ಸಮೀಪಿಸುವಾಗ ಬಹು ದೂರದಿಂದಲೇ 103 ಅಡಿ ಎತ್ತರದ ರಾಷ್ಟ್ರಧ್ವಜ ಕಾಣಿಸುತ್ತದೆ. ಧ್ವಜವನ್ನೂ, ಹುತಾತ್ಮ ಸ್ಮಾರಕವನ್ನೂ, ಸರ್ದಾರ್ ಪಟೇಲರ ಪ್ರತಿಮೆಯನ್ನೂ ಕೇಂದ್ರ ಗೃಹಮಂತ್ರಿಗಳು 2023ರ ಮಾರ್ಚ್ 26ರಂದು ಉದ್ಘಾಟಿಸಿದರು.

ನಾವು ಕಾರಿನಿಂದ ಇಳಿಯುತ್ತಿದ್ದಂತೆಯೇ ಅಲ್ಲಿ ಕುಳಿತಿದ್ದ ವೃದ್ಧರೊಬ್ಬರು ಕೇಳಿದ ಮೊದಲ ಪ್ರಶ್ನೆ: "ಯಾವ ಪಾರ್ಟಿಯವರ್ರೀ ನೀವು?" ಯಾವ ಪಾರ್ಟಿಯೂ ಇಲ್ಲ, ಸುಮ್ಮನೆ ನೋಡಿ ಹೋಗಲು ಬಂದಿದ್ದೇವೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತಿದ್ದು, ಆಮೇಲೆ ಎದ್ದುಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟರು. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಈ ಲೇಖನ ಹುಟ್ಟಿದ್ದು ಅದರಿಂದಲೇ.

ಹೊರನಾಡುಗಳಲ್ಲಿರುವ ನಮ್ಮ ಕುಟುಂಬಗಳ ಕಿರಿಯರಿಗೆ ಗೋರಟಾ ಎಂಬ ಹೆಸರು ಅಪರಿಚಿತವಿರಬಹುದು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಇಂದಿನ ಬೀದರ್, ಕಲಬುರಗಿ, ರಾಯಚೂರು ಸೀಮೆಗಳು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಲು ಒಪ್ಪಲಿಲ್ಲ. ಲಾತೂರಿನ ವಕೀಲ ಖಾಸಿಂ ರಜ್ವಿಯ ನೇತೃತ್ವದ ರಜಾಕಾರರೆಂಬ ಖಾಸಗಿ ಪಡೆ ಹಳ್ಳಿ ಹಳ್ಳಿಗಳಲ್ಲಿ ಲೂಟಿ, ಬೆಂಕಿ, ಕೊಲೆಗಳಲ್ಲಿ ತೊಡಗಿತು. ವಿಲೀನಕ್ಕಾಗಿ ದನಿಯೆತ್ತಿದ್ದ ಗೋರಟಾದ ಮೇಲೆ 1948ರ ಮೇ 9 ಮತ್ತು 10ರಂದು ದಾಳಿ ನಡೆಯಿತು. ಸತ್ತವರು ಸುಮಾರು 200 ಮಂದಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಆ ಊರಿಗೆ ಬಂದಿತು. ಅದೇ ಆಗಸ್ಟಿನಲ್ಲಿ ತೆಲಂಗಾಣದ ಬೈರಾನ್‌ಪಲ್ಲಿಯಲ್ಲಿಯೂ ಇಂಥದೇ ಹತ್ಯಾಕಾಂಡ ನಡೆಯಿತು. ಊರವರು ನಿಂತು ಎದುರಿಸಿದ ಬುರುಜು ಅಲ್ಲಿ ಈಗಲೂ ಇದೆ. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತೀಯ ಸೇನೆಯ ಕಾರ್ಯಾಚರಣೆ ನಡೆದು ಸಂಸ್ಥಾನವು ಒಕ್ಕೂಟಕ್ಕೆ ಸೇರಿತು. ನಮ್ಮ ಹಿರಿಯರು ಇದನ್ನು ಎರಡೇ ಮಾತುಗಳಲ್ಲಿ ಹೇಳುತ್ತಿದ್ದರು: ರಜಾಕಾರರ ಹಾವಳಿ, ಆಮೇಲೆ ಪೊಲೀಸ್ ಆಕ್ಷನ್.

ನಾವು ಹೋದ ದಿನ ಸ್ಮಾರಕದ ಬಳಿ ಏಳೆಂಟು ಯುವಕರಿದ್ದರು. ಧ್ವಜಸ್ತಂಭದ ಕೆಳಗೆ ನಿಂತು, ಚಲನಚಿತ್ರದ ಹಾಡೊಂದನ್ನು ಮೊಬೈಲಿನಲ್ಲಿ ಹಚ್ಚಿ, ಒಬ್ಬೊಬ್ಬರಾಗಿ ನಡೆದುಬರುವ ರೀಲ್ಸ್ ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅಲ್ಲಿ ಹೇಗಿರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ನಿಜ ಹೇಳಬೇಕೆಂದರೆ ನನಗೂ ಯಾರೂ ಹೇಳಿರಲಿಲ್ಲ. ಕೈಮುಗಿಯಬೇಕೋ, ಪಾದರಕ್ಷೆ ಕಳಚಬೇಕೋ, ಜಯಕಾರ ಹಾಕಬೇಕೋ, ಸುಮ್ಮನೆ ನಿಲ್ಲಬೇಕೋ ತೋಚದೆ ನಾನೂ ಒಂದು ಫೋಟೊ ತೆಗೆದುಕೊಂಡೆ.

ಹುಡುಗ ಮಾತ್ರ ಫೋಟೊ ತೆಗೆಯಲಿಲ್ಲ. ವಾಪಸು ಬರುವ ದಾರಿಯಲ್ಲಿ ಅವನು ದಖಾವ್‌ನ ವಿಷಯ ಹೇಳಿದ. ಮ್ಯೂನಿಕ್ಕಿನ ಪಕ್ಕದಲ್ಲಿರುವ ಆ ಸ್ಥಳದಲ್ಲಿ ನಾಜಿಗಳು 1933ರ ಮಾರ್ಚಿನಲ್ಲಿ ತಮ್ಮ ಮೊದಲ ಬಂದೀಖಾನೆ ಶಿಬಿರಗಳಲ್ಲೊಂದನ್ನು ತೆರೆದರು. 12 ವರ್ಷಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಸೆರೆಯಿದ್ದರು; ನಲವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. 1965ರಿಂದ ಅದು ಸ್ಮಾರಕ. ಬವೇರಿಯಾದ ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತವೆ. ಹೊರಡುವ ಮೊದಲು ಶಿಕ್ಷಕರು ತರಗತಿಯಲ್ಲಿ ಎರಡು ದಿನ ಇತಿಹಾಸ ಹೇಳಿದರಂತೆ. ಒಳಗೆ ತಿನ್ನಬಾರದು, ಗಟ್ಟಿಯಾಗಿ ಮಾತನಾಡಬಾರದು, ತಮ್ಮನ್ನು ತಾವು ಚಿತ್ರ ತೆಗೆದುಕೊಳ್ಳಬಾರದು, ಅಳು ಬಂದರೆ ನಾಚಬೇಕಾಗಿಲ್ಲ, ಬಾರದಿದ್ದರೂ ನಾಚಬೇಕಾಗಿಲ್ಲ. ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಹಿಂದಿರುಗಿದ ಮೇಲೆ ಮತ್ತೆ ಒಂದು ದಿನ ಅದರ ಬಗ್ಗೆಯೇ ಚರ್ಚೆ. "ಮಾಮಾ, ಅಲ್ಲಿ ನಮಗೆ ಕೇಳಿದ ಪ್ರಶ್ನೆ, ಇದನ್ನು ಮಾಡಿದವರು ಯಾರು, ಅವರೂ ಈ ಊರಿನವರೇ ಅಲ್ಲವೇ ಅಂತ. ಇಲ್ಲಿ ಆ ಪ್ರಶ್ನೆಯೇ ಇಲ್ಲ, ಯಾಕೆ?" ಎಂದ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಯುರೋಪಿನಲ್ಲಿ ಒಂದು ರಾಜ್ಯವ್ಯವಸ್ಥೆಯೇ ಯೋಜನೆ ಹಾಕಿ 60 ಲಕ್ಷ ಯಹೂದ್ಯರನ್ನು ಕೊಂದ ಘಟನೆಗೂ ನಮ್ಮ ಸೀಮೆಯ 1948ಕ್ಕೂ ಹೋಲಿಕೆಯಿಲ್ಲ. ನಮ್ಮ ಕೆಲವರು ಗೋರಟಾವನ್ನು ಹೋಲೋಕಾಸ್ಟ್ ಎಂದು ಬರೆಯುತ್ತಾರೆ. ಅದು ಎರಡೂ ಕಡೆಯ ಸತ್ತವರಿಗೆ ಮಾಡುವ ಅನ್ಯಾಯ. ಶಬ್ದದ ಬಗ್ಗೆ ಇನ್ನೊಂದು ಸಂಗತಿ. ಗ್ರೀಕ್ ಮೂಲದ ಆ ಪದಕ್ಕೆ ಪೂರ್ಣವಾಗಿ ಸುಟ್ಟು ಅರ್ಪಿಸಿದ ಬಲಿ ಎಂಬ ಅರ್ಥವಿದೆ. ಕನ್ನಡದ ಮಾರಣಹೋಮ ಎಂಬ ಮಾತಿನಲ್ಲಿಯೂ ಹೋಮವೇ ಇದೆ. ಅನೇಕ ಯಹೂದ್ಯರು ಅದನ್ನು ಒಲ್ಲದೆ ವಿಪತ್ತು ಎಂಬ ಅರ್ಥದ ಶೋಆ ಎಂಬ ಹೀಬ್ರೂ ಪದವನ್ನು ಬಳಸುತ್ತಾರೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಭವಭವಗಳಲ್ಲಿ ಅಲೆದ ಯಶೋಧರನ ಕಥೆಯನ್ನು ಜನ್ನನಿಂದ ಪಡೆದ ನಾವು ಇಂಥ ಶಬ್ದಗಳನ್ನು ಸ್ವಲ್ಪ ನೋಡಿ ಬಳಸಬೇಕು. ಕೊಲೆಯಾದವರು ಯಾರಿಗೂ ಹೋಮದ್ರವ್ಯವಾಗಿರಲಿಲ್ಲ.

ಹುತಾತ್ಮ ಎಂಬ ಪದದ ಬಗ್ಗೆಯೂ ನನಗೆ ಅದೇ ಅನುಮಾನ. ಗೋರಟಾದಲ್ಲಿ ಹೋರಾಡಿ ಮಡಿದವರಿದ್ದರು, ಅವರಿಗೆ ಆ ಹೆಸರು ಸಲ್ಲುತ್ತದೆ. ಆದರೆ ಅಡಗಿಕೊಂಡು ಸತ್ತವರು? ಓಡಲಾಗದೆ ಸತ್ತವರು? ಕನ್ನಡನಾಡಿನಲ್ಲಿ ಯುದ್ಧದಲ್ಲಿ ಮಡಿದವನಿಗೆ ವೀರಗಲ್ಲು ಇದೆ, ಸಲ್ಲೇಖನದಿಂದ ದೇಹತ್ಯಾಗ ಮಾಡಿದವರಿಗೆ ನಿಷಿಧಿಗಲ್ಲು ಇದೆ, ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು ಇದೆ. ಚಂದ್ರಗಿರಿಯ ಬಂಡೆಗಳ ಮೇಲೆ ನಿಷಿಧಿಯ ಬರಹಗಳನ್ನು ಓದುತ್ತ ನಡೆದವರಿಗೆ ಅಲ್ಲಿನ ಶಾಂತಿಯ ಅನುಭವವಿದೆ. ಏಕೆಂದರೆ ಅದು ತಾನಾಗಿ ಬರಮಾಡಿಕೊಂಡ ಮರಣ. ಏನನ್ನೂ ಬಯಸದೆ, ಏನನ್ನೂ ಎದುರಿಸದೆ, ಹೆದರಿ ಬಾಗಿಲ ಹಿಂದೆ ಕುಳಿತಿದ್ದು ಕೊಲೆಯಾದವನಿಗೆ ಯಾವ ಕಲ್ಲನ್ನು ನಿಲ್ಲಿಸಬೇಕೆಂಬುದಕ್ಕೆ ನಮ್ಮಲ್ಲಿ ಮಾದರಿಯಿಲ್ಲ. ಆದ್ದರಿಂದಲೇ ಅಂಥವನನ್ನು ವೀರನನ್ನಾಗಿ ಮಾಡುತ್ತೇವೆ, ಅಥವಾ ಮರೆಯುತ್ತೇವೆ.

ಸ್ಮಾರಕಗಳಿಗೆ ಹೋಗುವುದನ್ನು ಕುರಿತು ಹೊರದೇಶಗಳಲ್ಲಿರುವ ನಮ್ಮವರಿಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹುಡುಗನ ಕೊರಳಿನಲ್ಲಿ ಅಜ್ಜಿ ಕೊಟ್ಟ ಬೆಳ್ಳಿಯ ಪದಕವಿದೆ. ಅದರಲ್ಲಿ 1974–75ರ ಮಹಾವೀರ ನಿರ್ವಾಣದ 2500ನೆಯ ವರ್ಷದ ಆಚರಣೆಯ ವೇಳೆ ಎಲ್ಲ ಪಂಥಗಳೂ ಒಪ್ಪಿಕೊಂಡ ನಮ್ಮ ಲಾಂಛನವಿದೆ. ಅಭಯಹಸ್ತದ ಮೇಲ್ಭಾಗದಲ್ಲಿ ಸ್ವಸ್ತಿಕವಿರುವುದು ಎಲ್ಲರಿಗೂ ಗೊತ್ತು. ದಖಾವ್‌ಗೆ ಹೋಗುವ ದಿನ ನನ್ನ ಅಕ್ಕ ಅದನ್ನು ತೆಗೆದಿಟ್ಟು ಹೋಗು ಎಂದಳಂತೆ. ನಮ್ಮ ತಪ್ಪೇನಿದೆ, ನಾವೇಕೆ ಮುಚ್ಚಿಡಬೇಕು ಎಂದು ಅವನು ಜಗಳವಾಡಿದನಂತೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯಕ್ಕೆ ವಾರಗಟ್ಟಲೆ ಚರ್ಚೆಯಾಯಿತು. ನಾಲ್ಕು ಗತಿಗಳನ್ನು ಸೂಚಿಸುವ ನಮ್ಮ ಸ್ವಸ್ತಿಕ ಬೇರೆ, ಹಿಟ್ಲರನ ಕೊಕ್ಕೆಶಿಲುಬೆ ಬೇರೆ, ಜಗತ್ತಿಗೆ ನಾವು ತಿಳಿಸಿ ಹೇಳಬೇಕು ಎಂದು ಅನೇಕರು ಬರೆದರು. ಆ ಮಾತು ನಿಜ. ಶಾಲೆಯಲ್ಲಿ ಹೇಳಬೇಕು, ನಗರಸಭೆಯಲ್ಲಿ ಹೇಳಬೇಕು, ನೆರೆಯವರಿಗೆ ಹೇಳಬೇಕು. ಆದರೆ ಆ ಚಿಹ್ನೆಯ ಕೆಳಗೆ ತನ್ನ ಅಜ್ಜಿಯನ್ನು ಕಳೆದುಕೊಂಡ ಮುದುಕನೊಬ್ಬ ಎದುರಿಗೆ ಬರಬಹುದಾದ ಜಾಗ ಪಾಠ ಹೇಳುವ ಜಾಗವಲ್ಲ. ಪದಕವನ್ನು ಅಂಗಿಯ ಒಳಗೆ ಹಾಕಿಕೊಳ್ಳುವುದರಿಂದ ಧರ್ಮಕ್ಕೆ ಹಾನಿಯಿಲ್ಲ. ಇನ್ನೊಂದು ಜೀವಕ್ಕೆ ನೋವಾಗದಂತೆ ನಡೆಯುವುದಕ್ಕೆ ಸಮಿತಿಗಳನ್ನೇ ಹೇಳಿಕೊಂಡಿರುವ ನಮಗೆ ಇದು ಹೊಸದಾಗಿ ಕಲಿಯಬೇಕಾದ ವಿಷಯವೂ ಅಲ್ಲ. ಹುಡುಗ ಕೊನೆಗೆ ಪದಕವನ್ನು ಮನೆಯಲ್ಲಿಟ್ಟು ಹೋದನಂತೆ, ಸಿಟ್ಟಿನಿಂದಲೇ.

ಈಗ ಗೋರಟಾದ ವೃದ್ಧರ ಪ್ರಶ್ನೆಗೆ ಬರುತ್ತೇನೆ. ಯಾವ ಪಾರ್ಟಿಯವರು ಎಂದು ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಸೆಪ್ಟೆಂಬರ್ 17ನ್ನು ನಾವು ಏನು ಮಾಡಿದ್ದೇವೆ ನೋಡಿರಿ. ಕಲಬುರಗಿಯ ಕಡೆ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿತ್ತು. 2019ರಲ್ಲಿ ಪ್ರದೇಶದ ಹೆಸರೇ ಕಲ್ಯಾಣ ಕರ್ನಾಟಕವಾದ ಮೇಲೆ ದಿನದ ಹೆಸರೂ ಬದಲಾಯಿತು. ಇಲ್ಲಿ ಹೈದರಾಬಾದಿನಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ಪರೇಡ್ ಮೈದಾನದಲ್ಲಿ ವಿಮೋಚನಾ ದಿನ ಆಚರಿಸಿತು. ಅದೇ ಮುಂಜಾನೆ ರಾಜ್ಯ ಸರ್ಕಾರ ಪಬ್ಲಿಕ್ ಗಾರ್ಡನ್ಸಿನಲ್ಲಿ ರಾಷ್ಟ್ರೀಯ ಏಕೀಕರಣ ದಿನ ಆಚರಿಸಿತು. ಸರ್ಕಾರ ಬದಲಾದ ಮೇಲೆ 2024ರಲ್ಲಿ ರಾಜ್ಯದ ಆಚರಣೆ ಪ್ರಜಾಪಾಲನಾ ದಿನೋತ್ಸವವಾಯಿತು. ಒಂದೇ ಊರು, ಒಂದೇ ದಿನ, ಎರಡು ಧ್ವಜಾರೋಹಣ. ಒಬ್ಬರಿಗೆ ಆ ದಿನ ಮುಸಲ್ಮಾನರ ಮೇಲಿನ ವಿಜಯವಾಗಿ ಬೇಕು, ಇನ್ನೊಬ್ಬರಿಗೆ ಯಾರನ್ನೂ ನೋಯಿಸದ ಸಪ್ಪೆ ಉತ್ಸವವಾಗಿ ಬೇಕು. ಸತ್ತವರು ಇಬ್ಬರಿಗೂ ಬೇಕಾಗಿಲ್ಲ.

ಏಕೆಂದರೆ ಸತ್ತವರ ಪಟ್ಟಿಯ ಅರ್ಧ ಭಾಗವನ್ನು ಯಾವ ವೇದಿಕೆಯಿಂದಲೂ ಓದುವುದಿಲ್ಲ. ಸೇನೆ ಬಂದು ರಜಾಕಾರರು ಶರಣಾದ ನಂತರದ ವಾರಗಳಲ್ಲಿ ಸಂಸ್ಥಾನದ ಹಳ್ಳಿಗಳಲ್ಲಿ ಮುಸಲ್ಮಾನರ ಹತ್ಯೆ ನಡೆಯಿತು. ಅದನ್ನು ವಿಚಾರಿಸಲು ನೆಹರೂ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಿ ವರದಿ ಬರೆಯಿತು. ಒಟ್ಟು ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದ ನಡುವೆ ಇರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್; ಈ ನಾಲ್ಕರಲ್ಲಿಯೇ 18 ಸಾವಿರಕ್ಕೆ ಕಡಿಮೆಯಿಲ್ಲ ಎಂದಿತು. ಎರಡು ಜಿಲ್ಲೆಗಳು ನಮ್ಮವೇ. ಶವಗಳಿಂದ ತುಂಬಿದ ಬಾವಿಗಳ ವಿಷಯ ಅದರಲ್ಲಿದೆ. ಸೊಲ್ಲಾಪುರದ ಕಡೆಯಿಂದ ಬಂದ ಸಶಸ್ತ್ರ ಗುಂಪುಗಳ ವಿಷಯವಿದೆ. ಕೆಲವೆಡೆ ಸೇನೆ ಮತ್ತು ಪೊಲೀಸರ ಪಾಲೂ ಇತ್ತು ಎಂದಿದೆ. ಬೇರೆಡೆ ಸೇನೆಯ ಅಧಿಕಾರಿಗಳು ಜೀವಗಳನ್ನು ಉಳಿಸಿದರು ಎಂದೂ ಇದೆ. ಹಿಂದೂ ನೇಕಾರರು ತಮ್ಮ ಮುಸಲ್ಮಾನ ನೇಕಾರ ಬಂಧುಗಳನ್ನು ರಕ್ಷಿಸಲು ಹೋಗಿ ತಾವೇ ಪ್ರಾಣ ಕೊಟ್ಟ ಉಲ್ಲೇಖವೂ ಇದೆ. ಅಂಥವರಿಗೆ ಹುತಾತ್ಮರೆಂಬ ಪದ ನಿಸ್ಸಂದೇಹವಾಗಿ ಸಲ್ಲುತ್ತದೆ. ಅವರ ಹೆಸರು ಹೇಳುವ ಒಂದು ಕಲ್ಲನ್ನೂ ನಾನು ಕಂಡಿಲ್ಲ.

ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದಶಕಗಳ ನಂತರ 2013ರ ಸುಮಾರಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ನೋಡಲು ಸಿಕ್ಕಿತು, ಎ.ಜಿ. ನೂರಾನಿ ತಮ್ಮ ಪುಸ್ತಕದ ಅನುಬಂಧದಲ್ಲಿ ಅದನ್ನು ಅಚ್ಚು ಮಾಡಿಸಿದರು. ಸಂಖ್ಯೆಗಳು ಅಂದಾಜಿನವು, ವಿವಾದವಿದೆ. ಲೆಕ್ಕಪರಿಶೋಧಕನಾಗಿ ಅಂದಾಜಿಗೂ ಎಣಿಕೆಗೂ ಇರುವ ಅಂತರ ನನಗೆ ತಿಳಿದಿದೆ. ಆದರೆ ಗೋರಟಾದ 200 ಕೂಡ ಬಾಯಿಂದ ಬಾಯಿಗೆ ಬಂದ ಎಣಿಕೆಯೇ. ಅದನ್ನು ಅಂದಾಜೆಂದು ನಾವು ತಳ್ಳಿಹಾಕುವುದಿಲ್ಲ. ಇದನ್ನು ಮಾತ್ರ ತಳ್ಳಿಹಾಕುತ್ತೇವೆ.

"ಹಾಗಾದರೆ ಎರಡನ್ನೂ ಸಮ ಮಾಡುತ್ತೀರಾ?" ಎಂದು ಹಿರಿಯ ಮಿತ್ರರೊಬ್ಬರು ಕೇಳಿದರು. ಇಲ್ಲ. ರಜಾಕಾರರದು ಅಧಿಕಾರದ ಆಶ್ರಯದಲ್ಲಿ ನಡೆದ ದೌರ್ಜನ್ಯ; ಅದನ್ನು ಕೊನೆಗೊಳಿಸಲು ಸೇನೆ ಬರಲೇಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ. ಜಮಾ ಮತ್ತು ಖರ್ಚು ಎರಡನ್ನೂ ಬರೆಯುವುದೆಂದರೆ ಎರಡನ್ನೂ ಸರಿಗಟ್ಟಿಸುವುದಲ್ಲ, ಎರಡನ್ನೂ ಬರೆಯುವುದು ಅಷ್ಟೆ. ಕೊಂದವರನ್ನೂ ಸತ್ತವರನ್ನೂ ಧರ್ಮದ ಪ್ರಕಾರ ಎರಡು ಕಡೆ ನಿಲ್ಲಿಸಲು ಹೊರಟವರಿಗೆ ಕಾಚಿಗುಡದ ಒಂದು ಬೀದಿಯನ್ನು ತೋರಿಸುತ್ತೇನೆ. ಹೈದರಾಬಾದಿನ ಕನ್ನಡಿಗರಿಗೆ ಕಾಚಿಗುಡ ಎಂದರೆ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ. ನಾವೆಲ್ಲ ಆ ದಾರಿಯಲ್ಲಿ ನೂರಾರು ಸಲ ನಡೆದವರೇ. ಅಲ್ಲಿಯೇ 1948ರ ಆಗಸ್ಟ್ 21ರ ರಾತ್ರಿ, ಉರ್ದು ಪತ್ರಿಕೆ ಇಮ್ರೋಜ್‌ನ ಸಂಪಾದಕ, ಇನ್ನೂ ಮೂವತ್ತು ತುಂಬದ ಶೋಯಬುಲ್ಲಾ ಖಾನ್ ಕೆಲಸ ಮುಗಿಸಿ ಮನೆಗೆ ಮರಳುವಾಗ ಅವರ ಮೇಲೆ ರಜಾಕಾರರು ದಾಳಿ ಮಾಡಿ, ಬರೆದ ಕೈಯನ್ನೇ ಕಡಿದು ಕೊಂದರು. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದದ್ದು ಅವರ ಅಪರಾಧ. ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ಆ ಹೆಸರನ್ನು ನಾನು ಕೇಳಿದ್ದು ಬಹಳ ಕಡಿಮೆ.

ಇಷ್ಟೆಲ್ಲ ಓದಿದ ಮೇಲೂ ಇದು ಇತಿಹಾಸದ ವಿಷಯವೆಂದೇ ಇದ್ದೆ. ಗೋರಟಾದಿಂದ ಬಂದ ಮರುವಾರ ತಂದೆಯವರ ಕಪಾಟಿನಿಂದ ಅಜ್ಜನ ಖಾತೆ ಪುಸ್ತಕಗಳನ್ನು ತೆಗೆಸಿದೆ. ಅಜ್ಜನದು ಅಂದಿನ ಗುಲ್ಬರ್ಗಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಟ್ಟೆಯ ಅಂಗಡಿ. ಹಾವಳಿಯ ಕಾಲದಲ್ಲಿ ಅಜ್ಜ, ಅಜ್ಜಿ, ಮಕ್ಕಳು ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಗಡಿದಾಟಿ ಸೊಲ್ಲಾಪುರಕ್ಕೆ ಹೋದದ್ದು, ಅಲ್ಲಿ ಧರ್ಮಶಾಲೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಇದ್ದದ್ದು, ಅಂಗಡಿ ಲೂಟಿಯಾದದ್ದು, ಇವನ್ನೆಲ್ಲ ನಮ್ಮ ಮನೆಯಲ್ಲಿ ಪ್ರತಿಯೊಂದು ಮದುವೆಯಲ್ಲಿಯೂ ಯಾರಾದರೊಬ್ಬರು ಹೇಳುತ್ತಾರೆ. ಮರಳಿ ಬಂದ ಮೇಲೆ ಊರಲ್ಲಿ ಏನಿತ್ತು ಎಂಬ ಕಥೆಯನ್ನು ಮಾತ್ರ ಯಾರೂ ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಮೋಡಿಯ ಅಕ್ಷರ ಓದಬಲ್ಲ ಹಿರಿಯರೊಬ್ಬರನ್ನು ಕೂರಿಸಿಕೊಂಡು ಪುಟ ತಿರುವಿದೆ. ಊರಿನ ದರ್ಜಿಯೊಬ್ಬನ ಖಾತೆ ಇತ್ತು. ಅಂಗಡಿಯ ಬಟ್ಟೆ ಹೊಲಿದುಕೊಡುತ್ತಿದ್ದವನು, ಮುಸಲ್ಮಾನ. ಅಜ್ಜ ಊರು ಬಿಡುವ ಮೊದಲು ಅವನು ಮಗಳ ಮದುವೆಗೆಂದು ಇಟ್ಟಿದ್ದ ಹಣ, 350 ರೂಪಾಯಿ ಹಾಲಿ ಸಿಕ್ಕ, ಅಜ್ಜನ ಬಳಿ ಜಮೆಯಾಗಿತ್ತು. ಸೊಲ್ಲಾಪುರದಿಂದ ಮರಳಿದ ಮೇಲೆ ಬರೆದ ಹೊಸ ಪುಸ್ತಕದಲ್ಲಿಯೂ ಅದು ಹಾಗೆಯೇ ಮುಂದಕ್ಕೆ ಬಂದಿದೆ. ಅದರ ಮರುವರ್ಷವೂ. ನಿಜಾಮನ ನಾಣ್ಯ ಚಲಾವಣೆಯಿಂದ ಹೋಗುವ ಹೊತ್ತಿಗೆ ಏಳಕ್ಕೆ ಆರರ ದರದಲ್ಲಿ 300 ರೂಪಾಯಿ ಕಲ್ದಾರ್ ಎಂದು ತಿರುಗಿಸಿ ಬರೆದಿದ್ದಾನೆ. ಪ್ರತಿ ದೀಪಾವಳಿಗೆ ಹೊಸ ಪುಸ್ತಕ, ಪ್ರತಿ ಪುಸ್ತಕದಲ್ಲಿ ಅದೇ ಹೆಸರು, ಅದೇ ಬಾಕಿ. ಒಂದು ಪೈಸೆ ಬಂದಿಲ್ಲ, ಒಂದು ಪೈಸೆ ಹೋಗಿಲ್ಲ. ಹೀಗೆ 1970ರವರೆಗೆ. ಅಜ್ಜ ತೀರಿಕೊಂಡ ನಂತರದ ಪುಸ್ತಕದಲ್ಲಿ ಆ ಖಾತೆಯಿಲ್ಲ.

ಸಾಲಕ್ಕೆ ಕಾಲಮಿತಿ ಕಳೆದರೆ ವಸೂಲಿಗೆ ನ್ಯಾಯಾಲಯಕ್ಕೆ ಹೋಗುವ ಹಕ್ಕು ಹೋಗುತ್ತದೆ, ಸಾಲ ಹೋಗುವುದಿಲ್ಲ ಎಂಬುದು ನಾವು ವಿದ್ಯಾರ್ಥಿಗಳಾಗಿದ್ದಾಗ ಕಲಿತ ಮೊದಲ ಸೂತ್ರಗಳಲ್ಲೊಂದು. ತಂದೆಯವರನ್ನು ಕೇಳಿದೆ. ತನಗೇನೂ ಗೊತ್ತಿಲ್ಲ, ಹಳೆಯ ಬಾಕಿಗಳನ್ನೆಲ್ಲ ಆಗ ತೆಗೆದುಹಾಕಿದೆವು ಎಂದರು. ಅವರು ಹುಟ್ಟಿದ್ದು ಪೊಲೀಸ್ ಆಕ್ಷನ್ನಿನ ಮರುವರ್ಷ. ಕಲಬುರಗಿಯಲ್ಲಿರುವ ದೊಡ್ಡತ್ತೆಗೆ ಆಗ ಹತ್ತು ವರ್ಷ. ಅವರಿಗೆ ಫೋನು ಮಾಡಿದೆ. ಬಹಳ ಹೊತ್ತು ಮಾತಾಡದೆ ಇದ್ದು ಕೊನೆಗೆ ಹೇಳಿದರು: "ನಾವು ಹೊಳ್ಳಿ ಬರೋದ್ರಾಗ ಅವರ ಮನಿ ಖಾಲಿ ಇತ್ತಪ್ಪ. ಮಶೀನು ಯಾರೋ ಒಯ್ದಿದ್ರು. ಮೂಡಣ ಬಾವಿ ನೀರು ತರಬ್ಯಾಡ ಅಂತ ಅವ್ವ ಹೇಳಿದ್ಲು. ಯಾಕಂತ ಹೇಳಲಿಲ್ಲ. ನಮಗ ಗೊತ್ತಾತು."

ನಮ್ಮ ಕುಟುಂಬದ ಯಾರೂ ಯಾರನ್ನೂ ಕೊಲ್ಲಲಿಲ್ಲ. ನಾವು ಆಗ ಊರಲ್ಲಿಯೇ ಇರಲಿಲ್ಲ. ಆದರೂ 77 ವರ್ಷ ಸೊಲ್ಲಾಪುರದ ಕಥೆಯನ್ನು ಹೇಳುತ್ತ ಬಾವಿಯ ಕಥೆಯನ್ನು ಹೇಳದೆ ಇದ್ದವರು ನಾವೇ. ನಮ್ಮದು ಸಣ್ಣ ಸಮಾಜ, ವ್ಯಾಪಾರಸ್ಥರು, ಹಿಂದೂ-ಮುಸಲ್ಮಾನರ ಹಳೆಯ ಜಗಳದಲ್ಲಿ ನಾವೇಕೆ ಬಾಯಿ ಹಾಕಬೇಕು ಎಂಬ ವಾದವನ್ನು ನಮ್ಮ ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಅದು ಅಹಿಂಸೆಯಲ್ಲ, ಅಂಗಡಿಯ ಜಾಣತನ. ಅಂಗಡಿಯ ಜಾಣತನವೂ ಪೂರ್ತಿ ಅಲ್ಲ, ಏಕೆಂದರೆ ಅಂಗಡಿಯವನಾದ ಅಜ್ಜ ಆ ಬಾಕಿಯನ್ನು 22 ವರ್ಷ ತನ್ನ ಕೈಯಿಂದ ಬರೆದ. ಮಾತಿನಲ್ಲಿ ಹೇಳದಿದ್ದುದನ್ನು ಅಲ್ಲಿ ಬರೆದ.

2024ರಲ್ಲಿ ಸೆಪ್ಟೆಂಬರ್ 17ರಂದೇ ಅನಂತ ಚತುರ್ದಶಿ ಬಂದಿತ್ತು. ಹೈದರಾಬಾದಿನಲ್ಲಿ ಅಂದು ಹುಸೇನ್ ಸಾಗರದಲ್ಲಿ ಗಣೇಶ ವಿಸರ್ಜನೆ, ಎರಡು ಸರ್ಕಾರಗಳ ಎರಡು ಹೆಸರಿನ ಉತ್ಸವ, ನಮ್ಮ ಬಸದಿಯಲ್ಲಿ ದಶಲಕ್ಷಣ ಪರ್ವದ ಕೊನೆಯ ದಿನ. ಮರುದಿನ ಕ್ಷಮಾವಣಿಯ ಸಂದೇಶಗಳು ಮೊಬೈಲು ತುಂಬ ಬಂದವು. ವರ್ಷದಲ್ಲಿ ಒಮ್ಮೆಯೂ ಜಗಳವಾಡದವರೆಲ್ಲ ಪರಸ್ಪರ ಕ್ಷಮೆ ಕೇಳಿದೆವು. ನಾನೂ ಕಳುಹಿಸಿದೆ, ಹೂವಿನ ಚಿತ್ರವಿರುವ ಒಂದನ್ನೇ ಎಲ್ಲರಿಗೂ.

ನಮ್ಮ ಕುಟುಂಬಗಳು ಗೋರಟಾಕ್ಕೆ ಹೋಗಬೇಕೆಂಬುದು ನನ್ನ ಆಗ್ರಹ. ಊರಿಗೆ ಬಂದಾಗ ಬಸವಕಲ್ಯಾಣ, ಬೀದರ್ ಕೋಟೆ, ಮಳಖೇಡದ ನೇಮಿನಾಥ ಬಸದಿ ನೋಡಿಕೊಂಡು ಹೋಗುವವರು ಒಂದು ಮಧ್ಯಾಹ್ನವನ್ನು ಅದಕ್ಕೂ ಇಡಬಹುದು. ಸೆಪ್ಟೆಂಬರ್ 17ರಂದು ಹೋಗಬೇಡಿರಿ, ಅಂದು ಅಲ್ಲಿ ಧ್ವನಿವರ್ಧಕಗಳಿರುತ್ತವೆ. ಸಾಧಾರಣವಾದ ಒಂದು ದಿನ ಹೋಗಿರಿ. ಮಕ್ಕಳಿಗೆ ಹಿಂದಿನ ರಾತ್ರಿಯೇ ಕಥೆ ಹೇಳಿರಿ, ಕಾರಿನಲ್ಲಿ ಅವಸರದಿಂದ ಅಲ್ಲ. ತಿಂಡಿಯ ಡಬ್ಬಿಯನ್ನು ಅಲ್ಲಿ ಬಿಚ್ಚಬೇಡಿರಿ. ಧ್ವಜವನ್ನು ನೋಡಿದ ಮೇಲೆ ಊರೊಳಗೆ ನಡೆಯಿರಿ. ಸತ್ತವರು ಬದುಕಿದ್ದುದು ಅಲ್ಲಿ, ಸ್ತಂಭದ ಕೆಳಗಲ್ಲ. ಹಿರಿಯರು ಮಾತಾಡಿದರೆ ಕೇಳಿರಿ; ಮಾತಾಡದಿದ್ದರೆ ಕೆದಕಬೇಡಿರಿ, ಮೊಬೈಲನ್ನು ಮುಖದ ಮುಂದೆ ಹಿಡಿಯಬೇಡಿರಿ. ಊರಿನಲ್ಲಿ ಇಂದಿಗೂ ಬಾಳುತ್ತಿರುವ ಮುಸಲ್ಮಾನ ಕುಟುಂಬಗಳು ನಿಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತವೆ ಎಂಬ ಎಚ್ಚರವಿರಲಿ. ರಜಾಕಾರ ಎಂಬ ಪದವನ್ನು ಮುಸಲ್ಮಾನ ಎಂಬ ಪದದ ಬದಲಿಗೆ ಬಳಸುವ ಚಾಳಿ ನಮ್ಮಲ್ಲಿದೆ, ಮಕ್ಕಳು ಅದನ್ನು ನಮ್ಮಿಂದಲೇ ಕಲಿಯುತ್ತಾರೆ. ಮನೆಗೆ ಮರಳಿದ ಮೇಲೆ ವರದಿಯ ಎರಡನೆಯ ಭಾಗವನ್ನೂ ಹೇಳಿರಿ. ಅದನ್ನು ಬಿಟ್ಟರೆ ನೀವು ಹೋದದ್ದು ಸ್ಮಾರಕಕ್ಕಲ್ಲ, ಸಭೆಗೆ.

ಇನ್ನೊಂದು ಸಂಗತಿಯನ್ನು ಹುಡುಗ ಹೇಳಿದ. ಜರ್ಮನಿಯ ಅನೇಕ ಊರುಗಳಲ್ಲಿ ಕೊಲೆಯಾದವರು ಕೊನೆಯದಾಗಿ ಬಾಳಿದ ಮನೆಗಳ ಮುಂದೆ, ಕಾಲ್ದಾರಿಯಲ್ಲಿ, ಅಂಗೈ ಅಗಲದ ಹಿತ್ತಾಳೆಯ ಬಿಲ್ಲೆಗಳನ್ನು ಕೂರಿಸಿದ್ದಾರೆ. ಒಬ್ಬ ಕಲಾವಿದ ಆರಂಭಿಸಿದ ಆ ಕೆಲಸ ಈಗ ಒಂದು ಲಕ್ಷ ಬಿಲ್ಲೆಗಳನ್ನು ದಾಟಿದೆ. ಹೆಸರು, ಹುಟ್ಟಿದ ವರ್ಷ, ಏನಾಯಿತು ಎಂಬ ಒಂದು ಸಾಲು. ಓದಬೇಕಾದರೆ ತಲೆ ಬಾಗಿಸಬೇಕು. ಮ್ಯೂನಿಕ್ಕಿನಲ್ಲಿ ಮಾತ್ರ ಸಾರ್ವಜನಿಕ ರಸ್ತೆಯಲ್ಲಿ ಅವಕ್ಕೆ ಅನುಮತಿಯಿಲ್ಲವಂತೆ, ಜನ ತುಳಿಯುತ್ತಾರೆಂಬ ಕಾರಣಕ್ಕೆ. ಅದೂ ಒಂದು ವಾದವೇ. 103 ಅಡಿ ಎತ್ತರಕ್ಕೆ ನಾವು ಹಣ ಹೊಂದಿಸಿದ್ದೇವೆ. ಅಂಗೈ ಅಗಲಕ್ಕೆ ಹೊಂದಿಸುವುದು ಕಷ್ಟವಾಗಲಾರದು.

ದರ್ಜಿಯ ಮನೆಯವರಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸುತ್ತಿದ್ದೇನೆ. ಒಬ್ಬ ಮಗಳು ಬದುಕಿ ಬೇರೆ ಊರಿಗೆ ಹೋಗಿದ್ದಳೆಂದು ಊರಿನಲ್ಲಿ ಒಬ್ಬರು ಹೇಳಿದರು, ಖಚಿತವಿಲ್ಲ. 300 ರೂಪಾಯಿಗೆ ಎಷ್ಟು ಬಡ್ಡಿ ಕಟ್ಟಬೇಕೆಂದು ಲೆಕ್ಕ ಹಾಕಲು ಕುಳಿತೆ. ನಾಲ್ಕು ದರಗಳಲ್ಲಿ ನಾಲ್ಕು ಮೊತ್ತ ಬಂದವು, ಯಾವುದೂ ಸರಿಯೆನಿಸಲಿಲ್ಲ, ಹಾಳೆಯನ್ನು ಹರಿದೆ. ಮೂಡಣ ಬಾವಿಯನ್ನು ಮುಚ್ಚಿ ಬಹಳ ವರ್ಷವಾಯಿತಂತೆ, ಮೇಲೆ ಈಗ ಸಿಮೆಂಟಿನ ರಸ್ತೆಯಿದೆ. ಬೇಸಿಗೆ ಕಳೆದು ಮಳೆ ಬಿದ್ದ ಮೇಲೆ ದೊಡ್ಡತ್ತೆ ಊರಿಗೆ ಬರಲು ಒಪ್ಪಿದ್ದಾರೆ. ಅದು ಇದ್ದ ಜಾಗವನ್ನು ತೋರಿಸುತ್ತೇನೆ, ಆದರೆ ಕಾರಿನಿಂದ ಇಳಿಯುವುದಿಲ್ಲ ಎಂದಿದ್ದಾರೆ.